ಬಿದ್ದ ಸವಾರನು ಮತ್ತೆ ಕುದುರೆ ಏರುವುದೆಂದು?

ಕುದುರೆಯಿಂದ ಬಿದ್ದವನು ಕೂಡಲೆ ಎದ್ದು ಮತ್ತೆ ಕುದುರೆಯನ್ನೇರಬೇಕೆಂಬುದು ಸವಾರಿ ಬಲ್ಲವರಲ್ಲಿ ಬಹುಕಾಲದಿಂದ ನಡೆದುಬಂದಿರುವ ಮಾತು. ತಡಮಾಡಿದಷ್ಟೂ ಅಂಜಿಕೆಯು ಮನಸ್ಸಿನಲ್ಲಿ ಬೇರೂರುವುದೆಂಬುದು ಅದರ ಅಭಿಪ್ರಾಯ. ಈ ಮಾತಿನಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಆದರೆ ಬಿದ್ದವನಿಗೆ ಪೆಟ್ಟಾಗಿದ್ದರೆ? ಆಗ ಅವನು ಮತ್ತೆ ಏರಬೇಕಾದುದು ಎಂದು? ಏರಿದ ಮೇಲೆ ಮೊದಲು ಮಾಡಬೇಕಾದುದೇನು? ಈ ಪ್ರಶ್ನೆಗಳಿಗೆ ಧೈರ್ಯವೊಂದೇ ಉತ್ತರ ಹೇಳಲಾರದು. ಬೀಳುವುದು, ಪೆಟ್ಟಾಗುವುದು, ಜೀನಿನ ಮೇಲೆ ಸಮತೋಲದಿಂದ ಕುಳಿತುಕೊಳ್ಳುವುದು, ಇವೆಲ್ಲವೂ ಭೌತವಿಜ್ಞಾನದ ನಿಯಮಗಳಿಗೆ ಒಳಪಟ್ಟ ಕ್ರಿಯೆಗಳು. ಆದುದರಿಂದ ಈ ವಿಷಯವನ್ನು ಆ ದೃಷ್ಟಿಯಿಂದಲೇ ನಾವು ಇಲ್ಲಿ ಪರಿಶೀಲಿಸೋಣ.

ಮೊದಲು ಎರಡು ಪ್ರಸಿದ್ಧ ನಿದರ್ಶನಗಳನ್ನು ನೋಡಬಹುದು. ಒಲಿಂಪಿಕ್ ಕ್ರೀಡೆಗಳಲ್ಲಿ ‘ಈವೆಂಟಿಂಗ್’ ಎಂಬ ಅಶ್ವಸ್ಪರ್ಧೆಯೊಂದುಂಟು. ಕುದುರೆಯ ಶಿಸ್ತಿನ ನಡೆ, ಕಾಡುಬಯಲುಗಳಲ್ಲಿ ತಡೆಗಳನ್ನು ಹಾರುತ್ತ ಓಡುವ ಬಯಲೋಟ, ಅಂಗಳದಲ್ಲಿ ತಡೆಗಳ ನೆಗೆತ ಎಂಬ ಮೂರು ಪರೀಕ್ಷೆಗಳು ಇದರಲ್ಲಿ ಅಡಕವಾಗಿವೆ. 2020ರ ಹೆಸರಿನಲ್ಲಿ 2021ರಲ್ಲಿ ನಡೆದ ಟೋಕಿಯೋ ಕ್ರೀಡೆಗಳಲ್ಲಿ ಬೆಂಗಳೂರಿನ ಫವಾದ್ ಮಿರ್ಜಾ ಅವರು ಭಾಗವಹಿಸಿದ್ದು ಈ ಸ್ಪರ್ಧೆಯಲ್ಲಿಯೇ. 1936ರ ಬರ್ಲಿನ್ ಕ್ರೀಡೆಗಳ ಬಯಲೋಟದಲ್ಲಿ ಜರ್ಮನಿಯ ಕೋನ್ರಾಡ್ ಫಾನ್ ವಾಂಗನ್‌ಹೈಮ್ ಎಂಬ ಸವಾರನು ಬಿದ್ದು ಕೊರಳೆಲುಬನ್ನು ಮುರಿದುಕೊಂಡನು. ಆದರೂ ಮತ್ತೆ ಕುದುರೆ ಏರಿ ಓಟವನ್ನು ಮುಗಿಸಿ, ಮರುದಿನ ನೆಗೆತದ ಪರೀಕ್ಷೆಗೂ ಬಂದನು. 1960ರ ರೋಮ್ ಕ್ರೀಡೆಗಳಲ್ಲಿ ಆಸ್ಟ್ರೇಲಿಯದ ಬಿಲ್ ರಾಯ್‌ಕ್ರಾಫ್ಟ್ ಎಂಬ 45 ವರ್ಷದ ಸವಾರನು ಬಯಲೋಟದಲ್ಲಿ ಬಿದ್ದು ಆಸ್ಪತ್ರೆ ಸೇರಿದನು. ಅವನ ಭುಜಕ್ಕೂ ತಲೆಗೂ ತೀವ್ರವಾದ ಪೆಟ್ಟು ತಗಲಿತ್ತು. ತನ್ನ ತಂಡಕ್ಕೆ ತಾನು ಅನಿವಾರ್ಯವೆಂದು ತಿಳಿದು ಅವನು ಆಸ್ಪತ್ರೆಯಿಂದ ಹೊರಟುಬಂದು ಮರುದಿನ ತಡೆಗಳನ್ನು ಹಾರಿಸಿದನು. ಎರಡು ಸಂದರ್ಭಗಳಲ್ಲಿಯೂ ಆಯಾ ತಂಡಕ್ಕೆ ಚಿನ್ನದ ಪದಕ ದೊರೆಯಿತು.

ಇವರ ಕೆಚ್ಚನ್ನು ಮೆಚ್ಚದವರಿಲ್ಲ. ಆದರೆ ಅದು ಇತರರು ಅನುಸರಿಸತಕ್ಕ ಮೇಲ್ಪಂಕ್ತಿಯೇ ಎಂಬುದನ್ನು ತೀರ್ಮಾನಿಸುವ ಮುನ್ನ, ಬಿದ್ದಾಗ ದೇಹಕ್ಕೆ ಆಗುವುದೇನೆಂಬುದನ್ನು ತಿಳಿಯಬೇಕು.

ಬೀಳುವಿಕೆಯ ಲೆಕ್ಕ

ಓಡುತ್ತಿರುವ ಕುದುರೆಯು ತಡೆಯ ಮುಂದೆ ಥಟ್ಟನೆ ನಿಂತಿತೆನ್ನೋಣ. ಕುದುರೆ ನಿಂತಿತೇ ಹೊರತು ಸವಾರನು ನಿಲ್ಲಲಿಲ್ಲ. ಜಡತ್ವದ ನಿಯಮದಂತೆ ಅವನ ದೇಹವು ಹಿಂದಿನ ವೇಗದಲ್ಲಿಯೇ ಮುಂದಕ್ಕೆ ಸಾಗುತ್ತದೆ. ಅದೇ ವೇಳೆಗೆ ಗುರುತ್ವಾಕರ್ಷಣವು ಅವನನ್ನು ಕೆಳಕ್ಕೆ ಸೆಳೆಯುತ್ತದೆ. ಅವನ ಗುರುತ್ವಕೇಂದ್ರವು 1.5 ಮೀಟರಿನಷ್ಟು ಕೆಳಗಿಳಿಯಲು ಬೇಕಾಗುವ ಕಾಲ ಸುಮಾರು 0.55 ಸೆಕೆಂಡು. ಕುದುರೆಯ ವೇಗ ಸೆಕೆಂಡಿಗೆ 6 ಮೀಟರ್ ಇದ್ದರೆ ಅಷ್ಟರಲ್ಲಿ ಅವನು 3 ಮೀಟರಿಗೂ ಹೆಚ್ಚು ಮುಂದೆ ಹೋಗಿರುತ್ತಾನೆ. ಅರ್ಧ ಸೆಕೆಂಡಿನಲ್ಲಿ ಯೋಚನೆ ಮಾಡಿ ಬೀಳುವುದು ಸಾಧ್ಯವಿಲ್ಲ. ಕೈ ತಾನಾಗಿಯೇ ಮುಂದೆ ಚಾಚಿಕೊಳ್ಳುತ್ತದೆ. ಇಲ್ಲವೆ ಭುಜವು ಮೊದಲು ನೆಲಕ್ಕೆ ಬಡಿಯುತ್ತದೆ. ಮಣಿಕಟ್ಟೂ ಕೊರಳೆಲುಬೂ ಸವಾರರಲ್ಲಿ ಮುರಿಯುವುದು ಹೀಗೆ. ತೋಳನ್ನು ಎದೆಗೂಡಿಗೆ ಜೋಡಿಸುವ ಕೊರಳೆಲುಬು ಡೊಂಕಾದ ತೆಳ್ಳನೆಯ ಕಂಬಿಯಂತಿದೆ. ತೋಳಿನ ಕಡೆಯಿಂದ ಬಂದ ಒತ್ತಡವೆಲ್ಲ ಅದನ್ನು ಹಾದೇ ಹೋಗಬೇಕು.

ಪೆಟ್ಟಿನ ತೀವ್ರತೆಯನ್ನು ನಿರ್ಧರಿಸುವುದು ಎತ್ತರವೊಂದೇ ಅಲ್ಲ. ದೇಹವು ಎಷ್ಟು ದೂರದಲ್ಲಿ ನಿಲ್ಲುತ್ತದೆಂಬುದೂ ಅಷ್ಟೇ ಮುಖ್ಯ. ಕುದುರೆಯ ಮೇಲೆ ಕುಳಿತವನ ತಲೆ ನೆಲದಿಂದ ಸುಮಾರು 2.4 ಮೀಟರ್ ಎತ್ತರದಲ್ಲಿರುತ್ತದೆ. ಅಲ್ಲಿಂದ ಬಿದ್ದ ತಲೆಯು ನೆಲವನ್ನು ಮುಟ್ಟುವಾಗ ಅದರ ವೇಗ ಸೆಕೆಂಡಿಗೆ 6.9 ಮೀಟರ್, ಎಂದರೆ ಗಂಟೆಗೆ ಸುಮಾರು 25 ಕಿಲೋಮೀಟರ್. ಗಟ್ಟಿನೆಲದ ಮೇಲೆ ಅದು ಅರ್ಧ ಸೆಂಟಿಮೀಟರಿನಲ್ಲಿ ನಿಂತಿತೆಂದು ಇಟ್ಟುಕೊಳ್ಳೋಣ. ಬಿದ್ದ ಎತ್ತರವನ್ನು ನಿಂತ ದೂರದಿಂದ ಭಾಗಿಸಿದರೆ, ನಿಲ್ಲುವಾಗಿನ ಸರಾಸರಿ ವೇಗಕ್ಷಯವು ಗುರುತ್ವದ ವೇಗೋತ್ಕರ್ಷಕ್ಕೆ ಎಷ್ಟು ಮಡಿ ಎಂಬುದು ದೊರೆಯುತ್ತದೆ. ಈ ಲೆಕ್ಕದಲ್ಲಿ ಅದು 480 ಮಡಿ. ತಲೆಯ ಮೇಲೆ ಶಿರಸ್ತ್ರಾಣವಿದ್ದು, ಅದರೊಳಗಿನ ಪಾಲಿಸ್ಟೈರೀನ್ ನೊರೆಯ ಪದರವು ಜಜ್ಜಿಹೋಗಿ ನಿಲ್ಲುವ ದೂರವು ಎರಡೂವರೆ ಸೆಂಟಿಮೀಟರ್ ಆಯಿತೆಂದರೆ, ಅದು 96 ಮಡಿಗೆ ಇಳಿಯುತ್ತದೆ. ಎರಡು ಸೆಂಟಿಮೀಟರಿನ ಬೆಲೆ ಇಷ್ಟು! ಜಜ್ಜಿದ ನೊರೆಯು ಮತ್ತೆ ಮೊದಲಿನಂತಾಗುವುದಿಲ್ಲ. ಆದುದರಿಂದ ಪೆಟ್ಟು ತಿಂದ ಶಿರಸ್ತ್ರಾಣವು ಹೊರಗೆ ಚೆನ್ನಾಗಿಯೇ ಕಂಡರೂ ಅದನ್ನು ಮತ್ತೆ ಧರಿಸಬಾರದು.

ಶಿರಸ್ತ್ರಾಣವು ಕತ್ತನ್ನು ಕಾಯಲಾರದೆಂಬುದನ್ನೂ ನೆನಪಿಡಬೇಕು. ಅಮೆರಿಕದ ಚಲನಚಿತ್ರ ನಟ ಕ್ರಿಸ್ಟೋಫರ್ ರೀವ್ 1995ರ ಮೇ 27ರಂದು ಕುದುರೆಯಿಂದ ತಲೆಕೆಳಗಾಗಿ ಬಿದ್ದಾಗ ಶಿರಸ್ತ್ರಾಣವನ್ನು ಧರಿಸಿಯೇ ಇದ್ದನು. ಕತ್ತಿನ ಮೇಲ್ತುದಿಯ ಎರಡು ಕಶೇರುಕಗಳು ಘಾಸಿಗೊಂಡು, 2004ರಲ್ಲಿ ತೀರಿಕೊಳ್ಳುವವರೆಗೂ ಅವನು ಪಾರ್ಶ್ವವಾಯು ಪೀಡಿತನಾಗಿಯೇ ಉಳಿದನು. ಬಿದ್ದ ಸವಾರನಿಗೆ ಕತ್ತು ನೋಯುತ್ತಿದ್ದರೆ ಅವನನ್ನು ಎತ್ತಿ ಕೂರಿಸಬಾರದೆಂಬ ವೈದ್ಯರ ಎಚ್ಚರಿಕೆಗೆ ಕಾರಣ ಇದೇ.

ಮೂಳೆಯ ಗಡಿಯಾರ

ಮುರಿದ ಮೂಳೆಯು ಕೂಡಿಕೊಳ್ಳುವುದು ಒಂದು ಸೋಜಿಗವೇ ಸರಿ. ಮುರಿತದ ಸ್ಥಳದಲ್ಲಿ ಮೊದಲು ರಕ್ತವು ಹೆಪ್ಪುಗಟ್ಟುತ್ತದೆ. ಎರಡು ಮೂರು ವಾರಗಳಲ್ಲಿ ಮೃದ್ವಸ್ಥಿಯಿಂದಾದ ಮೆತ್ತನೆಯ ಬೆಸುಗೆಯೊಂದು ಏರ್ಪಡುತ್ತದೆ. ಅನಂತರದ ವಾರಗಳಲ್ಲಿ ಸುಣ್ಣದ ಲವಣಗಳು ಸೇರಿ ಬೆಸುಗೆ ಗಟ್ಟಿಯಾಗುತ್ತದೆ. ವಯಸ್ಕರ ಕೊರಳೆಲುಬು ಕೂಡಲು ಸಾಮಾನ್ಯವಾಗಿ 6ರಿಂದ 12 ವಾರಗಳು ಬೇಕು. ಆದರೆ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಬೆಸುಗೆಯ ಹೆಚ್ಚಿನ ಭಾಗವನ್ನು ಕರಗಿಸಿ, ಮೂಳೆಗೆ ಹಳೆಯ ಆಕಾರವನ್ನು ಕೊಡುವ ಕಾರ್ಯವು ಎಷ್ಟೋ ತಿಂಗಳುಗಳ ಕಾಲ ನಡೆಯುತ್ತಲೇ ಇರುತ್ತದೆ.

ಜರ್ಮನಿಯ ಶಸ್ತ್ರವೈದ್ಯ ಯೂಲಿಯುಸ್ ವೋಲ್ಫ್ 1892ರಲ್ಲಿ ಒಂದು ಮುಖ್ಯವಾದ ತತ್ತ್ವವನ್ನು ನಿರೂಪಿಸಿದನು: ಮೂಳೆಯು ತನ್ನ ಮೇಲೆ ಬೀಳುವ ಭಾರಕ್ಕೆ ತಕ್ಕಂತೆ ತನ್ನ ರಚನೆಯನ್ನು ಹೊಂದಿಸಿಕೊಳ್ಳುತ್ತದೆ. ಹೊರೆ ಬಿದ್ದ ಕಡೆ ಅದು ಬಲಿಯುತ್ತದೆ. ಹೊರೆಯೇ ಇಲ್ಲದಿದ್ದರೆ ಕ್ಷೀಣಿಸುತ್ತದೆ. ಸ್ನಾಯುಗಳ ವಿಷಯವೂ ಹೀಗೆಯೇ. ಕೆಲವು ವಾರ ಕಟ್ಟಿನಲ್ಲಿಟ್ಟ ತೋಳು ಇನ್ನೊಂದಕ್ಕಿಂತ ಸಣಕಲಾಗುವುದನ್ನು ಬರಿಗಣ್ಣಿನಿಂದಲೇ ನೋಡಬಹುದು. ಇದರಿಂದ ಎರಡು ಪಾಠಗಳು ದೊರೆಯುತ್ತವೆ. ಬೇಗನೆ ಪೂರ್ಣಭಾರ ಹೊರಿಸಿದರೆ ಬೆಸುಗೆ ಬಿಡುತ್ತದೆ. ಭಾರವನ್ನೇ ಹೊರಿಸದಿದ್ದರೆ ಮೂಳೆಯೂ ಸ್ನಾಯುವೂ ಸೊರಗುತ್ತವೆ. ಕ್ರಮಕ್ರಮವಾಗಿ ಏರಿಸಿದ ಭಾರವೇ ಔಷಧ. ಸವಾರಿಗೆ ಮರಳುವ ಮಾರ್ಗದ ಮೂಲಸೂತ್ರ ಇದೇ.

ಕಾಣದ ಪೆಟ್ಟು

ಮೂಳೆಯ ಮುರಿತವನ್ನು ಎಕ್ಸ್-ಕಿರಣದ ಚಿತ್ರದಲ್ಲಿ ನೋಡಬಹುದು. ತಲೆಗಾದ ಪೆಟ್ಟಿನ ವಿಷಯ ಹಾಗಲ್ಲ. ಬುರುಡೆಯು ನಿಂತಾಗ ಒಳಗಿನ ಮಿದುಳು ಜಡತ್ವದಿಂದ ಇನ್ನೂ ಚಲಿಸುತ್ತಿರುತ್ತದೆ. ಅದರ ಮೃದುವಾದ ಎಳೆಗಳು ಹಿಗ್ಗಿ ತಿರುಚಿಕೊಳ್ಳುತ್ತವೆ. ಕನ್‌ಕಷನ್ ಎಂದು ಕರೆಯುವ ಈ ಸ್ಥಿತಿಯಲ್ಲಿ ತಲೆನೋವು, ತಲೆಸುತ್ತು, ಓಕರಿಕೆ, ಮರೆವು, ಬೆಳಕನ್ನು ಸಹಿಸಲಾರದಿರುವುದು ಮುಂತಾದ ಲಕ್ಷಣಗಳು ಕಾಣಿಸಬಹುದು. ಸಾಧಾರಣವಾದ ಸ್ಕ್ಯಾನ್ ಚಿತ್ರದಲ್ಲಿ ಮಾತ್ರ ಬಹುಮಟ್ಟಿಗೆ ಏನೂ ಕಾಣದು. ಎಚ್ಚರ ತಪ್ಪಲಿಲ್ಲವೆಂದ ಮಾತ್ರಕ್ಕೆ ಮಿದುಳಿಗೆ ಪೆಟ್ಟಾಗಿಲ್ಲವೆಂದು ತಿಳಿಯಲಾಗದು.

ಮಿದುಳು ಚೇತರಿಸಿಕೊಳ್ಳುವ ಮುನ್ನ ಎರಡನೆಯ ಪೆಟ್ಟು ಬಿದ್ದರೆ ಕೇಡು ಅಧಿಕ. ವಿರಳವಾಗಿಯಾದರೂ ಎಳೆಯ ವಯಸ್ಸಿನವರಲ್ಲಿ ಅದು ಪ್ರಾಣಾಂತಿಕವಾದುದುಂಟು. 2022ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಸೇರಿದ್ದ ಕ್ರೀಡಾವೈದ್ಯ ತಜ್ಞರ ಅಂತರರಾಷ್ಟ್ರೀಯ ಸಮ್ಮೇಳನವು, ಆಟಕ್ಕೆ ಮರಳುವುದನ್ನು ಆರು ಮೆಟ್ಟಿಲುಗಳಾಗಿ ವಿಂಗಡಿಸಿದೆ. ಒಂದೊಂದು ಮೆಟ್ಟಿಲಿಗೂ ಸಾಮಾನ್ಯವಾಗಿ ಕನಿಷ್ಠ 24 ಗಂಟೆಗಳ ಕಾಲ ಬೇಕು. ತಲೆಗೆ ಮತ್ತೆ ಪೆಟ್ಟಾಗುವ ಸಂಭವವಿರುವ ಕ್ರಿಯೆಗಳನ್ನು, ಲಕ್ಷಣಗಳೆಲ್ಲ ಅಳಿದು ವೈದ್ಯರ ಒಪ್ಪಿಗೆ ದೊರೆತ ಮೇಲೆಯೇ ಆರಂಭಿಸಬೇಕು. ಕುದುರೆ ಸವಾರಿಯಲ್ಲಿ ಅಂಥ ಸಂಭವ ಮೊದಲ ದಿನದಿಂದಲೇ ಇದೆಯೆಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಅಂಜಿದ ಸವಾರನ ಮೈ

ದೇಹವು ಗುಣವಾಯಿತು, ವೈದ್ಯರೂ ಒಪ್ಪಿದರು. ಇನ್ನು ಉಳಿದುದು ಅಂಜಿಕೆ. ಇದು ಕೇವಲ ಮನಸ್ಸಿನ ವಿಷಯವೆಂದು ಹಲವರು ಭಾವಿಸುತ್ತಾರೆ. ಆದರೆ ಅಂಜಿಕೆಗೆ ಯಾಂತ್ರಿಕ ಪರಿಣಾಮವೊಂದುಂಟು.

ಓದುಗರು ಒಂದು ಪುಸ್ತಕದ ಮೇಲೆ ನಾಣ್ಯವನ್ನಿಟ್ಟು, ಪುಸ್ತಕವನ್ನು ಮಟ್ಟಸವಾಗಿ ಹಿಡಿದು ಮೇಲಕ್ಕೂ ಕೆಳಕ್ಕೂ ಆಡಿಸಿ ನೋಡಬಹುದು. ನಿಧಾನವಾಗಿ ಆಡಿಸಿದಾಗ ನಾಣ್ಯವು ಕದಲುವುದಿಲ್ಲ. ವೇಗವನ್ನು ಹೆಚ್ಚಿಸುತ್ತ ಹೋದರೆ ಒಂದು ಹಂತದಲ್ಲಿ ಅದು ಟಕಟಕನೆ ಸದ್ದುಮಾಡುತ್ತ ಪುಟಿಯತೊಡಗುತ್ತದೆ. ಪುಸ್ತಕವು ಕೆಳಕ್ಕೆ ಹೋಗುವ ವೇಗೋತ್ಕರ್ಷವು ಗುರುತ್ವದ ವೇಗೋತ್ಕರ್ಷವನ್ನು ಮೀರಿದಾಗ ನಾಣ್ಯವು ಹಿಂದೆ ಉಳಿದುಬಿಡುವುದೇ ಇದಕ್ಕೆ ಕಾರಣ.

ಕುದುರೆಯ ಬೆನ್ನೂ ಹೀಗೆಯೇ ಆಡುತ್ತದೆ. ನಡಿಗೆಯಲ್ಲಿ ಅದು ಸೆಕೆಂಡಿಗೆ 2 ಬಾರಿ, ನಡುಮಟ್ಟದಿಂದ 2 ಸೆಂಟಿಮೀಟರ್ ಮೇಲೆ ಕೆಳಗೆ ಆಡುತ್ತದೆಂದು ಇಟ್ಟುಕೊಂಡರೆ, ಅದರ ಪರಮಾವಧಿ ವೇಗೋತ್ಕರ್ಷವು ಗುರುತ್ವದ ಮೂರರಲ್ಲೊಂದು ಭಾಗ ಮಾತ್ರ. ಟ್ರಾಟ್ ಎಂಬ ಕುಲುಕೋಟದಲ್ಲಿ ಆಟವು ಸೆಕೆಂಡಿಗೆ ಎರಡೂವರೆ ಬಾರಿಗೂ, 4 ಸೆಂಟಿಮೀಟರಿಗೂ ಏರಿತೆನ್ನೋಣ. ಆಗ ವೇಗೋತ್ಕರ್ಷವು ಗುರುತ್ವಕ್ಕೆ ಸಮನಾಗುತ್ತದೆ! ಎಂದರೆ, ಬಿಗಿದು ಕುಳಿತ ಸವಾರನು ನಡಿಗೆಯಲ್ಲಿ ಜೀನನ್ನು ಬಿಡುವುದಿಲ್ಲ. ಕುಲುಕೋಟದಲ್ಲಿ ನಾಣ್ಯದಂತೆ ಪುಟಿಯುತ್ತಾನೆ. ನುರಿತ ಸವಾರನು ಪುಟಿಯದಿರುವುದಕ್ಕೆ ಅವನ ಸೊಂಟ, ಮಂಡಿ, ಹರಡುಗಳು ಗಾಡಿಯ ಸ್ಪ್ರಿಂಗುಗಳಂತೆ ಮಡಿಸಿ ಬಿಚ್ಚಿಕೊಳ್ಳುವುದೇ ಕಾರಣ.

ಅಂಜಿದವನಲ್ಲಿ ಈ ಸ್ಪ್ರಿಂಗುಗಳೇ ಬಿಗಿದುಹೋಗುತ್ತವೆ. ಅವನು ಮುಂದಕ್ಕೆ ಬಾಗುತ್ತಾನೆ. ಗುರುತ್ವಕೇಂದ್ರವು ಆಸನಕ್ಕಿಂತ ಮುಂದಕ್ಕೆ ಸರಿಯುತ್ತದೆ. ಮಂಡಿಗಳಿಂದ ಜೀನನ್ನು ಅವುಚಿದಾಗ ಹಿಮ್ಮಡಿ ಮೇಲೇರಿ, ಕಾಲೂರುವ ರಿಕಾಪು ಸಡಿಲವಾಗುತ್ತದೆ. ಮೈಯ ಬಿಗಿತವನ್ನು ಗ್ರಹಿಸಿದ ಕುದುರೆಯೂ ಕಳವಳಗೊಂಡು ವೇಗವನ್ನು ಹೆಚ್ಚಿಸಬಹುದು. ಹೀಗೆ ಬೀಳುವೆನೆಂಬ ಅಂಜಿಕೆಯೇ ಬೀಳುವುದಕ್ಕೆ ದಾರಿಮಾಡಿಕೊಡುತ್ತದೆ. ಇಂಥವನನ್ನು “ಧೈರ್ಯ ತಂದುಕೋ” ಎಂದು ಗದರಿಸುವುದರಿಂದ ಪ್ರಯೋಜನವಿಲ್ಲ. ಬಿಗಿದ ಮೈಯೂ ತಡೆದುಕೊಳ್ಳಬಲ್ಲ ನಡಿಗೆಯಲ್ಲಿ ಅವನನ್ನು ಬೇಕಾದಷ್ಟು ಹೊತ್ತು ಇರಿಸಿದರೆ ಬಿಗಿತವು ತಾನಾಗಿ ಸಡಿಲುತ್ತದೆ. ಅಂಜಿಕೆಯನ್ನು ತಪ್ಪಿಸಿಕೊಂಡು ತಿರುಗಿದಷ್ಟೂ ಅದು ಬಲಿಯುವುದೆಂಬುದೂ, ಅಪಾಯವಿಲ್ಲದ ಪ್ರಮಾಣದಲ್ಲಿ ಅದನ್ನು ಮತ್ತೆ ಮತ್ತೆ ಎದುರಿಸಿದರೆ ಕುಗ್ಗುವುದೆಂಬುದೂ ಮನೋವಿಜ್ಞಾನವು ಒಪ್ಪಿರುವ ಮಾತು. ಹಳೆಯ ಸವಾರರ ನುಡಿಯಲ್ಲಿದ್ದ ಸತ್ಯಾಂಶ ಇಷ್ಟೇ.

ಮರಳುವ ಮೆಟ್ಟಿಲುಗಳು

ಈವರೆಗೆ ಹೇಳಿದುದನ್ನು ಕ್ರಮವಾಗಿ ಜೋಡಿಸಿದರೆ ಮರಳುವ ಮಾರ್ಗವು ಸ್ಪಷ್ಟವಾಗುತ್ತದೆ.

ಮೊದಲನೆಯದು ನೆಲದ ಮೇಲಿನ ಸಿದ್ಧತೆ. ಪೆಟ್ಟಾದ ಕೈಕಾಲಿನ ಚಲನೆಯೂ ಬಲವೂ ಇನ್ನೊಂದರ ಸಮಕ್ಕೆ ಬರಬೇಕು. ತಲೆಸುತ್ತಿಲ್ಲದೆ ಬಿರುಸಾಗಿ ನಡೆಯಲು, ಒಂಟಿಕಾಲಿನಲ್ಲಿ ನಿಲ್ಲಲು ಆಗಬೇಕು. ಈ ಅವಧಿಯಲ್ಲಿ ಕುದುರೆಯ ಮೈ ಉಜ್ಜುವುದು, ಅದನ್ನು ಹಿಡಿದು ನಡೆಸುವುದು ಮುಂತಾದ ಕೆಲಸಗಳನ್ನು, ವೈದ್ಯರು ಒಪ್ಪಿದಷ್ಟರ ಮಟ್ಟಿಗೆ, ಮಾಡುತ್ತಿದ್ದರೆ ಸಲಿಗೆಯು ಮರಳುತ್ತದೆ.

ಎರಡನೆಯದು ಏರುವುದು. ನೆಲದಿಂದ ಜೀನಿಗೆ ಏರುವಾಗ ದೇಹವನ್ನು ಸುಮಾರು 1 ಮೀಟರ್ ಎತ್ತಬೇಕಾಗುತ್ತದೆಂದು ಇಟ್ಟುಕೊಂಡರೆ, ಅರ್ಧ ಮೀಟರಿನ ಮೆಟ್ಟುಗಟ್ಟೆಯಿಂದ ಏರಿದಾಗ ಕೆಲಸವು ಅರ್ಧಕ್ಕೆ ಇಳಿಯುತ್ತದೆ. 60 ಕಿಲೋಗ್ರಾಂ ತೂಕದವನಿಗೆ ಇದು 294 ಜೌಲ್‌ಗಳ ಉಳಿತಾಯ. ಕುದುರೆಯ ಬೆನ್ನನ್ನು ಒಂದು ಪಕ್ಕಕ್ಕೆ ಜಗ್ಗುವುದೂ ತಪ್ಪುತ್ತದೆ.

ಮೂರನೆಯದು ನಡಿಗೆ. ಶಾಂತಸ್ವಭಾವದ ಕುದುರೆಯನ್ನು ಶಿಕ್ಷಕರೊಬ್ಬರು ಹಿಡಿದು ನಡೆಸಬೇಕು. ಅನಂತರ ಉದ್ದ ಹಗ್ಗದಿಂದ ವೃತ್ತದಲ್ಲಿ ನಡೆಸಬಹುದು. ವೃತ್ತದಲ್ಲಿ ಸಾಗುವಾಗ ಒಳಮುಖವಾದ ವೇಗೋತ್ಕರ್ಷವು ವೇಗದ ವರ್ಗಕ್ಕೆ ಅನುಗುಣವಾಗಿರುತ್ತದೆ. ಸೆಕೆಂಡಿಗೆ 1.6 ಮೀಟರ್ ನಡೆಯುತ್ತಿದ್ದ ಕುದುರೆಯು 5 ಮೀಟರ್ ವೇಗದಲ್ಲಿ ಓಡಿದರೆ ಅದು ಸುಮಾರು ಹತ್ತುಮಡಿಯಾಗುತ್ತದೆ. ಮೂರುಪಟ್ಟು ವೇಗವು ಮೂರುಪಟ್ಟು ಕಷ್ಟವಷ್ಟೇ ಎಂದು ತಿಳಿಯುವವರು ಇದನ್ನು ಗಮನಿಸಬೇಕು.

ನಾಲ್ಕನೆಯದಾಗಿ ಕುಲುಕೋಟ, ಐದನೆಯದಾಗಿ ಬಿರುಸಾದ ಓಟ, ಕೊನೆಗೆ ತಡೆಗಳ ನೆಗೆತ ಬರುತ್ತವೆ. ಒಂದು ಮೆಟ್ಟಿಲಿನಲ್ಲಿ ನೋವಾಗಲಿ ತಲೆಸುತ್ತಾಗಲಿ ಮೈಬಿಗಿತವಾಗಲಿ ಕಂಡುಬಂದರೆ ಹಿಂದಿನ ಮೆಟ್ಟಿಲಿಗೆ ಇಳಿಯುವುದು ಸೋಲಲ್ಲ. ಎಷ್ಟು ದಿನಗಳಾದುವೆಂಬುದಕ್ಕಿಂತ ಯಾವ ಪರೀಕ್ಷೆಯಲ್ಲಿ ತೇರ್ಗಡೆಯಾಯಿತೆಂಬುದೇ ಇಲ್ಲಿ ಲೆಕ್ಕಕ್ಕೆ ಬರುವುದು.

ಇನ್ನು ಮೊದಲು ಕೇಳಿದ ಪ್ರಶ್ನೆಗೆ ಬರೋಣ. ರಾಯ್‌ಕ್ರಾಫ್ಟನು ಆ ಬಳಿಕವೂ ಸವಾರಿಯನ್ನು ಬಿಡದೆ 1976ರವರೆಗೆ ಒಟ್ಟು ಐದು ಒಲಿಂಪಿಕ್ ಕ್ರೀಡೆಗಳಲ್ಲಿ ಭಾಗವಹಿಸಿ, 96 ವರ್ಷ ಬಾಳಿ 2011ರಲ್ಲಿ ತೀರಿಕೊಂಡನು. ಅದೃಷ್ಟವು ಅವನ ಕಡೆಗಿತ್ತು. ಆದರೆ ತಲೆಗೆ ಪೆಟ್ಟು ಬಿದ್ದವನು ಮರುದಿನವೇ ತಡೆ ಹಾರಿಸುವುದನ್ನು ಇಂದಿನ ವೈದ್ಯರು ಯಾರೂ ಒಪ್ಪಲಾರರು. ಅದೇ ಸ್ಪರ್ಧೆಯ ಇಂದಿನ ನಿಯಮದಂತೆ ಬಯಲೋಟದಲ್ಲಿ ಕುದುರೆಯಿಂದ ಬಿದ್ದ ಸವಾರನು ಅಲ್ಲಿಗೇ ಸ್ಪರ್ಧೆಯಿಂದ ಹೊರಗಾಗುತ್ತಾನೆ. ನನಗೇನೂ ಆಗಿಲ್ಲವೆಂದು ಅವನೇ ಹೇಳಿದರೂ ಮತ್ತೆ ಏರಿ ಓಟವನ್ನು ಮುಂದುವರಿಸುವಂತಿಲ್ಲ. ನಮ್ಮ ಶಾಲಾ ಕಾಲೇಜುಗಳ ಆಟದ ಬಯಲಿನಲ್ಲಿ ಕಬಡ್ಡಿಯಾಡುವಾಗ, ಸೈಕಲ್ ಓಡಿಸುವಾಗ ತಲೆಗೆ ಪೆಟ್ಟು ಬಿದ್ದವರಿಗೂ ಈ ನಿಯಮವು ಹಾಗೆಯೇ ಅನ್ವಯಿಸುತ್ತದೆ. ಆ ದಿನದ ಆಟ ಅಲ್ಲಿಗೇ ಮುಗಿಯಬೇಕು. ಮುಂದಿನ ಆಟದ ದಿನವನ್ನು ವೈದ್ಯರು ಗೊತ್ತುಮಾಡಬೇಕು.