ಸಾಲಿ, ಪಾಟಿ, ಸೂಟಿ

ಧಾರವಾಡ, ವಿಜಯಪುರ ಸೀಮೆಗಳ ಹಿರಿಯರು ಬಾಲ್ಯವನ್ನು ನೆನೆಯುವಾಗ ‘ಶಾಲೆ’ಗೆ ಹೋದೆವೆನ್ನುವುದಿಲ್ಲ, ‘ಸಾಲಿ’ಗೆ ಹೋದೆವೆನ್ನುತ್ತಾರೆ. ಹೆಗಲಿಗೆ ಪಾಟಿಚೀಲ, ಬಿಗರಿಯಿಂದ ಮುಲ್ಕಿಯವರೆಗಿನ ಇಯತ್ತೆಗಳು, ಮಾಸ್ತರರ ಕೈಯ ಖಡು, ರವಿವಾರದ ಸೂಟಿ. ಈ ಮಾತುಗಳನ್ನು ಬಿಟ್ಟರೆ ಆ ನೆನಪುಗಳಿಗೆ ಮೈಯೇ ಇಲ್ಲ. ಆದರೆ ಇಂತಹ ಮಾತು ಬಾಲಕನ ಬರವಣಿಗೆಯಲ್ಲಿ ಕಾಣಿಸಿದೊಡನೆ ಕೆಂಪು ಗೆರೆ ಬೀಳುತ್ತದೆ. ಇವು ಅಶುದ್ಧವೆಂಬ ತೀರ್ಪು ಎಷ್ಟು ಸಾಧುವೆಂಬುದು ವಿಚಾರಾರ್ಹವಾಗಿದೆ.

‘ಸಾಲಿ’ಯನ್ನೇ ಮೊದಲು ನೋಡಬಹುದು. ಸಂಸ್ಕೃತದ ಶಕಾರವು ಕನ್ನಡದಲ್ಲಿ ಸಕಾರವಾಗುವುದನ್ನು ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ನಿಯಮವಾಗಿಯೇ ನಿರೂಪಿಸಿದ್ದಾನೆ. ಶಶಿ ಸಸಿಯಾದಂತೆ ಶಾಲೆ ಸಾಲೆಯಾಯಿತು. ಇನ್ನು ಕೊನೆಯ ಎಕಾರ ಇಕಾರವಾಗುವುದು ಆ ಸೀಮೆಯ ಆಡುಮಾತಿನ ಕ್ರಮ: ಮನೆ ಮನಿ, ತಲೆ ತಲಿ, ಎಲೆ ಎಲಿ. ವ್ಯಾಕರಣದ ಗಂಧವಿಲ್ಲದ ಬಾಲಕ ಈ ಎರಡು ನಿಯಮಗಳನ್ನೂ ತಪ್ಪದೆ ಪಾಲಿಸುತ್ತಾನೆ!

ಈ ‘ಸಾಲೆ’ಗೆ ಶಾಸನದ ಬೆಂಬಲವೂ ಉಂಟು. ಇಂಡಿ ತಾಲ್ಲೂಕಿನ ಸಾಲೋಟಗಿಯ ಕ್ರಿ.ಶ. 945ರ ಶಾಸನವು, ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಪಾವಿಟ್ಟಗೆಯಲ್ಲಿ ಶಾಲೆ ಕಟ್ಟಿಸಿದುದನ್ನೂ ನಾನಾ ದೇಶಗಳ ವಿದ್ಯಾರ್ಥಿಗಳು ಅಲ್ಲಿ ನೆಲೆಸಿದ್ದುದನ್ನೂ ತಿಳಿಸುತ್ತದೆ. ಆ ಶಾಲೆಯ ದೆಸೆಯಿಂದಲೇ ಪಾವಿಟ್ಟಗೆ ಸಾಲೋಟಗಿಯಾಯಿತೆಂದು ವಿದ್ವಾಂಸರ ಮತ. ಅಂದಿನ ವಿದ್ಯಾರ್ಥಿಗಳು ಹೋದರು. ಊರಿನ ಹೆಸರಿನಲ್ಲಿ ಸಾಲೆ ಉಳಿಯಿತು.

ಪಾಟಿ, ಸೂಟಿ, ಇಯತ್ತೆಗಳು ಮರಾಠಿಯಿಂದ ಬಂದವು. 1956ರವರೆಗೆ ಈ ಜಿಲ್ಲೆಗಳು ಮುಂಬಯಿ ಆಡಳಿತಕ್ಕೆ ಸೇರಿದ್ದವು. ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿಯ ಶಾಲೆಗಳಲ್ಲಿ ಮರಾಠಿಯೇ ಮೆರೆಯುತ್ತಿತ್ತು. ಡೆಪ್ಯುಟಿ ಚನ್ನಬಸಪ್ಪನವರಂಥವರ ಶ್ರಮದಿಂದ ಪಾಠ ಕನ್ನಡವಾಯಿತು, ಸಲಕರಣೆಗಳ ಹೆಸರು ಹಾಗೆಯೇ ನಿಂತಿತು. ಆದರೂ ಪಾಟಿ ಹೀನಕುಲದ್ದಲ್ಲ. ಹಲಗೆಯ ಮೇಲೆ ಮಾಡುವ ಲೆಕ್ಕಕ್ಕೆ ಸಂಸ್ಕೃತದಲ್ಲಿ ಪಾಟೀಗಣಿತವೆಂದೇ ಹೆಸರು. ಶ್ರೀಧರಾಚಾರ್ಯನ ಗ್ರಂಥದ ಹೆಸರೂ ಅದೇ. ಅದನ್ನು ತಿದ್ದಿ ‘ಸ್ಲೇಟು’ ಎಂದು ಬರೆಸುವುದು ಯಾವ ಶುದ್ಧಿ? ಸೂಟಿಯ ಬದಲು ಬರೆಸುವ ‘ರಜೆ’ಯ ಮೂಲ ಅರಬ್ಬಿ. ಮಾಸ್ತರರೂ ಮೇಷ್ಟ್ರೂ, ಇಬ್ಬರೂ ಕಡಲಾಚೆಯವರೇ.

ಗ್ರಂಥಸ್ಥ ಭಾಷೆ ಬೇಡವೆಂದು ಇದರ ಅರ್ಥವಲ್ಲ. ಅದು ಬಾಲಕನಿಗೆ ಬರಲೇಬೇಕು. ಆದರೆ ಕಾರಣ ಹೇಳದೆ ಗೆರೆ ಎಳೆದರೆ, ಹೆದರಿದ ಬಾಲಕ ಇಲಿಯನ್ನೂ ‘ಇಲೆ’ ಎಂದು ತಿದ್ದಿಕೊಳ್ಳುತ್ತಾನೆ, ಇಲ್ಲವೆ ಬಾಯಿಯನ್ನೇ ಬಿಡುವುದಿಲ್ಲ. ಮನಿ, ತಲಿ, ಎಲಿಗಳನ್ನು ಒಂದು ಸಾಲಿನಲ್ಲಿಯೂ ಮನೆ, ತಲೆ, ಎಲೆಗಳನ್ನು ಅದರ ಕೆಳಗೂ ಬರೆಸಿ, ಎರಡರಲ್ಲಿಯೂ ಬದಲಾಗದ ಇಲಿ, ನರಿ, ಗಿಳಿಗಳನ್ನು ಪಕ್ಕಕ್ಕಿಟ್ಟು ತೋರಿಸಿದರೆ ನಿಯಮವನ್ನು ಬಾಲಕನೇ ಕಂಡು ಹೇಳುತ್ತಾನೆ. ಅದಕ್ಕೆ ಒಂದು ಪಾಟಿ, ಒಂದು ತಾಸು ಸಾಕು.