ಪಕ್ಷಿಗಳಿಗೆ ಕಾಳು: ಕರುಣಾದಾನದಲ್ಲಿ ವಿವೇಕ

ರವಿಷೇಣಾಚಾರ್ಯರ ಪದ್ಮಪುರಾಣದಲ್ಲಿ ದಂಡಕಾರಣ್ಯದ ಪ್ರಸಂಗವೊಂದಿದೆ. ರಾಮ-ಸೀತೆಯರು ಗುಪ್ತಿ, ಸುಗುಪ್ತಿ ಎಂಬ ಮುನಿಗಳಿಗೆ ಆಹಾರದಾನ ಮಾಡುತ್ತಿರುವುದನ್ನು ಕಂಡ ಗೃಧ್ರಪಕ್ಷಿಯೊಂದು ಪೂರ್ವಭವವನ್ನು ಸ್ಮರಿಸಿಕೊಂಡು ಮುನಿಗಳ ಪಾದದ ಬಳಿ ಬಂದು ಬೀಳುತ್ತದೆ. ಅವರ ಉಪದೇಶವನ್ನು ಕೇಳಿ ಶ್ರಾವಕವ್ರತಗಳನ್ನು ಸ್ವೀಕರಿಸುತ್ತದೆ. ಅದೇ ಜಟಾಯು. ಮಾಂಸವನ್ನೇ ಉಂಡು ಬದುಕುವ ಹದ್ದಿಗೂ ವ್ರತದ ಬಾಗಿಲು ಮುಚ್ಚಿಲ್ಲ. ಸಂಜ್ಞಿ ಪಂಚೇಂದ್ರಿಯ ತಿರ್ಯಂಚರು ಐದನೆಯ ಗುಣಸ್ಥಾನದವರೆಗೆ ಏರಬಲ್ಲರೆಂಬುದು ಸಿದ್ಧಾಂತ. ಅಂಗಳಕ್ಕೆ ಬಂದಿಳಿಯುವ ಗುಬ್ಬಚ್ಚಿಯನ್ನು ಶ್ರಾವಕನು ನೋಡಬೇಕಾದುದು ಈ ದೃಷ್ಟಿಯಿಂದ.

ಗುಬ್ಬಿ, ಗಿಳಿಗಳು ರಾತ್ರಿ ಉಣ್ಣವು, ಆದುದರಿಂದ ಅವು ಅನಸ್ತಮಿತ ವ್ರತಧಾರಿಗಳು ಎಂದು ಹಿರಿಯರು ಮಕ್ಕಳಿಗೆ ಹೇಳುವುದುಂಟು. ಮಕ್ಕಳಿಗೆ ಹೇಳಲು ಮಾತು ಚೆನ್ನಾಗಿದೆ. ಆದರೆ ಸ್ವಭಾವದಿಂದ ಉಣ್ಣದಿರುವುದು ವ್ರತವಲ್ಲ. ಸಂಕಲ್ಪಪೂರ್ವಕವಾಗಿ ಬಿಡುವುದು ವ್ರತ. ಗೂಬೆ ರಾತ್ರಿಯೇ ಉಣ್ಣುತ್ತದೆಂಬುದನ್ನೂ ಮರೆಯಲಾಗದು.

ದೇವಪೂಜೆ, ಗುರೂಪಾಸ್ತಿ, ಸ್ವಾಧ್ಯಾಯ, ಸಂಯಮ, ತಪಸ್ಸು, ದಾನ ಎಂಬ ಗೃಹಸ್ಥನ ಷಟ್ಕರ್ಮಗಳಲ್ಲಿ ಕೊನೆಯದು ದಾನ. ಮುನಿ, ಆರ್ಯಿಕೆ, ಶ್ರಾವಕರಿಗೆ ಭಕ್ತಿಯಿಂದ ಕೊಡುವುದು ಪಾತ್ರದಾನ. ಹಸಿದ ಜೀವಿಗೆ ದಯೆಯಿಂದ ಕೊಡುವುದು ಕರುಣಾದಾನ. ಪಕ್ಷಿಗಳಿಗೆ ಹಾಕುವ ಕಾಳು ಈ ಎರಡನೆಯ ಬಗೆಗೆ ಸೇರಿದುದು. ಪಾತ್ರದಾನದಲ್ಲಿ ದ್ರವ್ಯಶುದ್ಧಿಯನ್ನು ಕಣ್ಣಿನಲ್ಲಿ ಕಣ್ಣಿಟ್ಟು ನೋಡುವ ಮನೆಗಳಲ್ಲೇ ಕರುಣಾದಾನದ ದ್ರವ್ಯ ಹೇಗಿದ್ದರೂ ನಡೆಯುತ್ತದೆಂಬ ಭಾವನೆ ಬೇರೂರಿದೆ. ದೋಷ ಹುಟ್ಟುವುದು ಅಲ್ಲಿಯೇ.

ಉಗ್ರಾಣದ ಜೋಳಕ್ಕೆ ಹುಳು ಬಿದ್ದಿತೆನ್ನೋಣ. ಮನೆಯವರು ಉಣ್ಣುವಂತಿಲ್ಲ, ಚೆಲ್ಲಲು ಮನಸ್ಸಿಲ್ಲ. “ಹಕ್ಕಿಗಳಿಗೆ ಹಾಕಿದರಾಯಿತು, ಪುಣ್ಯವೂ ಬಂತು” ಎನ್ನುತ್ತಾರೆ. ಆ ಜೋಳದಲ್ಲಿರುವ ಒಂದೊಂದು ಹುಳುವೂ ತ್ರಸಜೀವ. ಅವುಗಳನ್ನು ತಿಳಿದೂ ಹಕ್ಕಿಯ ಕೊಕ್ಕಿನ ಮುಂದೆ ಚೆಲ್ಲುವುದು ದಾನವಾಗಲಾರದು. ಅರಿಯದೆ ಆದ ಆರಂಭೀ ಹಿಂಸೆಯೆಂದು ಅದನ್ನು ತಳ್ಳಿಹಾಕಲೂ ಬರುವುದಿಲ್ಲ. ಕಾಳಿನಲ್ಲಿ ಜೀವಗಳಿವೆಯೆಂಬುದು ಗೊತ್ತಿದ್ದುದರಿಂದಲೇ ಅದು ಅಂಗಳಕ್ಕೆ ಬಂದಿತು. ಒಂದು ಜೀವಕ್ಕೆ ತೋರುವ ದಯೆಗೆ ನೂರು ಜೀವಗಳನ್ನು ಬೆಲೆಯಾಗಿ ತೆತ್ತಂತೆ. ಹಕ್ಕಿಯು ತಾನಾಗಿ ಹುಳುವನ್ನು ಹಿಡಿದು ತಿಂದರೆ ಅದು ತಿರ್ಯಂಚದ ಕರ್ಮ. ಶ್ರಾವಕನು ಹುಳುವನ್ನು ಎತ್ತಿ ಕೊಟ್ಟರೆ ಅದು ಶ್ರಾವಕನ ಕರ್ಮ. ಹುಳು ಬಿದ್ದ ಕಾಳನ್ನು ಮೆಲ್ಲನೆ ಜಾಲಿಸಿ, ಜೀವಗಳನ್ನು ಸ್ವಲ್ಪ ಕಾಳಿನೊಂದಿಗೆ ಯಾರೂ ತುಳಿಯದ ನೆರಳಿನ ಜಾಗದಲ್ಲಿ ಬಿಡಬೇಕು. ಪಕ್ಷಿಗಳ ಪಾಲಿನ ಧಾನ್ಯವನ್ನು ಮನೆಯ ಧಾನ್ಯದಂತೆಯೇ ಶೋಧಿಸಿ, ಒಣಗಿಸಿ, ಬೇರೆ ಡಬ್ಬಿಯಲ್ಲಿಡಬೇಕು. ದಶಲಕ್ಷಣ ಪರ್ವವು ಭಾದ್ರಪದದಲ್ಲಿ, ಮಳೆಗಾಲದೊಳಗೇ ಬರುವುದರಿಂದ ಅಂದು ಈ ಎಚ್ಚರ ಇಮ್ಮಡಿಯಾಗಿರಬೇಕು.

ಬೂಷ್ಟು ಹಿಡಿದ ಕಡಲೆಕಾಯಿ ಬೀಜದ ವಿಷಯವೂ ಹೀಗೆಯೇ. ಅದರ ಬೂಷ್ಟಿನಲ್ಲಿ ಹುಟ್ಟುವ ಅಫ್ಲಾಟಾಕ್ಸಿನ್ ಎಂಬ ವಿಷವು ಪಕ್ಷಿಗಳ ಯಕೃತ್ತನ್ನು ಕೆಡಿಸುತ್ತದೆ. ತಂಗಳನ್ನ, ಮರ್ಯಾದೆ ಮೀರಿದ ಹಿಟ್ಟು, ಉಪ್ಪು-ಖಾರ ಬೆರೆತ ಉಳಿಕೆ, ಇವನ್ನು ಕೊಡಬಾರದು. ಹಾಲನ್ನು ಪಕ್ಷಿಗಳು ಜೀರ್ಣಿಸಿಕೊಳ್ಳಲಾರವು. ನಮ್ಮ ಕಡೆಯ ಗುಬ್ಬಿ, ಬೆಳವ, ರಾಟವಾಳಗಳಿಗೆ ಸಜ್ಜೆ, ನವಣೆ, ನುಚ್ಚಕ್ಕಿ, ಜೋಳ ಸಾಕು. ಭತ್ತದ ತೆನೆಗಳನ್ನು ಕಟ್ಟಿ ಜಗಲಿಯಲ್ಲಿ ತೂಗುಹಾಕುವ ಹಳೆಯ ಪದ್ಧತಿ ಬಹಳ ಒಳ್ಳೆಯದು. ಕಾಳು ನೆಲಕ್ಕೆ ಬಿದ್ದು ಇರುವೆ ಮುತ್ತುವುದು ಅದರಿಂದ ಕಡಿಮೆ.

ನೀರನ್ನು ಸೋಸಿಯೇ ಇಡಬೇಕು, ಅಗಲವಾದ ಆಳವಿಲ್ಲದ ಮಣ್ಣಿನ ತಟ್ಟೆಯಲ್ಲಿಡಬೇಕು, ದಿನವೂ ಬದಲಿಸಬೇಕು. ಬದಲಿಸದೆ ಬಿಟ್ಟ ನೀರಿನಲ್ಲಿ ಕೆಲವೇ ದಿನಗಳಲ್ಲಿ ಸೊಳ್ಳೆಯ ಮರಿಗಳು ಹುಟ್ಟುತ್ತವೆ. ಆಮೇಲೆ ಅದನ್ನು ಚೆಲ್ಲಿದರೂ ಹಿಂಸೆ, ಇಟ್ಟರೂ ಹಿಂಸೆ. ಸಂಜೆಗೆ ಉಳಿದ ಕಾಳನ್ನು ಮೃದುವಾದ ಪೊರಕೆಯಿಂದ ತೆಗೆದುಬಿಟ್ಟರೆ ಇಲಿಗಳು ಬರುವುದಿಲ್ಲ, ಅವುಗಳ ಹಿಂದೆ ಬೆಕ್ಕೂ ಬರುವುದಿಲ್ಲ. ಬೆಕ್ಕು ಮೊದಲಾದ ಹಿಂಸ್ರಜೀವಿಗಳನ್ನು ಸಾಕುವುದನ್ನು ಕಾರ್ತಿಕೇಯಾನುಪ್ರೇಕ್ಷೆಯು ಹಿಂಸಾದಾನವೆಂಬ ಅನರ್ಥದಂಡದಲ್ಲಿ ಎಣಿಸಿದೆ. ಬೆಕ್ಕು ಹೊಂಚುವ ಪೊದೆಯ ಬಳಿ ಕಾಳು ಚೆಲ್ಲುವವರು ಆ ಮಾತನ್ನು ತಮಗೂ ಅನ್ವಯಿಸಿಕೊಳ್ಳುವುದು ಉಚಿತ.

ಈಗ ಕೊಬ್ಬಿನ ವಿಷಯ. ಮಕ್ಕಳು ಇಂಗ್ಲೆಂಡ್, ಅಮೆರಿಕಗಳಲ್ಲಿ ನೆಲೆಸಿರುವ ಜೈನ ಕುಟುಂಬಗಳಿಗೆ ಇದು ನಿಜವಾದ ಸಮಸ್ಯೆ. ಅಲ್ಲಿಯ ಚಳಿಗಾಲದಲ್ಲಿ ರಾತ್ರಿಯು ಹದಿನೈದು-ಹದಿನಾರು ಗಂಟೆಗಳಷ್ಟು ದೀರ್ಘ. ಬ್ಲೂ ಟಿಟ್ ಎಂಬ ಪುಟ್ಟ ಹಕ್ಕಿಯ ತೂಕ ಸುಮಾರು 11 ಗ್ರಾಂ. ಕಡುಚಳಿಯ ಒಂದೇ ರಾತ್ರಿಯಲ್ಲಿ ಇಂತಹ ಹಕ್ಕಿಗಳು ಮೈತೂಕದ ಹತ್ತನೆಯ ಒಂದು ಪಾಲನ್ನೇ ಕಳೆದುಕೊಳ್ಳಬಹುದು. ಮೈಯ ಕಾವನ್ನು ಕಾಯಲು ಅವುಗಳಿಗೆ ಕೊಬ್ಬು ಬೇಕೇ ಬೇಕು. ಅದಕ್ಕಾಗಿ ಅಲ್ಲಿಯ ಜನರು ಕಾಳುಗಳನ್ನು ಕೊಬ್ಬಿನಲ್ಲಿ ಕಲಸಿ ಉಂಡೆ ಮಾಡಿ ತೋಟದಲ್ಲಿ ತೂಗುಹಾಕುತ್ತಾರೆ. ಅಂಗಡಿಯಲ್ಲಿ ದೊರೆಯುವ ಉಂಡೆಗಳಲ್ಲಿ ಅನೇಕವುಗಳ ಕೊಬ್ಬು ದನ ಅಥವಾ ಕುರಿಯ ಮೂತ್ರಪಿಂಡದ ಸುತ್ತಲಿನದು. “ನಾವೇನು ತಿನ್ನುವುದಿಲ್ಲವಲ್ಲ” ಎಂಬ ಸಮಾಧಾನ ಇಲ್ಲಿ ಸಲ್ಲದು. ಮಾಂಸತ್ಯಾಗವು ಅಷ್ಟಮೂಲಗುಣಗಳಲ್ಲಿ ಸೇರಿದುದು. ಹಿಂಸೆಯ ತ್ಯಾಗವು ಕೃತ, ಕಾರಿತ, ಅನುಮೋದನೆ ಮೂರನ್ನೂ ಒಳಗೊಳ್ಳುತ್ತದೆ. ಹಣ ತೆತ್ತು ಕೊಂಡಲ್ಲಿ ಅನುಮೋದನೆ ಇಲ್ಲವೆಂದು ಹೇಳುವುದು ಹೇಗೆ?

ಹಾಗೆಂದು ಹಕ್ಕಿಯನ್ನು ಹಸಿವಿಗೆ ಬಿಡಬೇಕಾಗಿಲ್ಲ. ಸಿಪ್ಪೆ ತೆಗೆದ ಸೂರ್ಯಕಾಂತಿ ಬೀಜ, ಉಪ್ಪಿಲ್ಲದ ಶುದ್ಧ ಕಡಲೆಕಾಯಿ ಬೀಜಗಳಲ್ಲಿ ಎಣ್ಣೆಯ ಅಂಶ ಹೇರಳವಾಗಿದೆ. ಒಡೆದ ಹಸಿ ತೆಂಗಿನಕಾಯಿಯ ಹೋಳನ್ನು ಹಾಗೆಯೇ ಕಟ್ಟಿಬಿಟ್ಟರೆ ಹಕ್ಕಿಗಳು ಕುಕ್ಕಿ ತಿನ್ನುತ್ತವೆ. ಕೊಬ್ಬರಿಯ ಒಣ ತುರಿಯನ್ನು ಮಾತ್ರ ಕೊಡಬಾರದು. ಅದು ಹೊಟ್ಟೆಯಲ್ಲಿ ಉಬ್ಬುತ್ತದೆ. ಕರಿದು ಉಳಿದ ಎಣ್ಣೆಯನ್ನೂ ಬಳಸಬಾರದು. ಅದು ರೆಕ್ಕೆಗೆ ಮೆತ್ತಿದರೆ ಚಳಿಯನ್ನು ತಡೆಯುವ ಗುಣವೇ ಗರಿಗಳಿಗೆ ಇಲ್ಲವಾಗುತ್ತದೆ.

ಒಂದೇ ಕಡೆ ಬಹಳ ಹಕ್ಕಿಗಳನ್ನು ಕೂಡಿಸುವುದರಲ್ಲಿ ಇನ್ನೊಂದು ಅಪಾಯವಿದೆ. ಬ್ರಿಟನ್ನಿನಲ್ಲಿ 2005ರಿಂದ ಗ್ರೀನ್‌ಫಿಂಚ್ ಹಕ್ಕಿಗಳಿಗೆ ಟ್ರೈಕೊಮೊನೋಸಿಸ್ ಎಂಬ ಗಂಟಲಬೇನೆ ತಗುಲಿತು. ರೋಗಿ ಹಕ್ಕಿಯ ಎಂಜಲು ತಾಕಿದ ಕಾಳು, ನೀರುಗಳಿಂದ ಅದು ಹರಡುತ್ತದೆ, ಹಕ್ಕಿಗೆ ನುಂಗಲಾಗುವುದಿಲ್ಲ. 2006ರಲ್ಲಿ ಸುಮಾರು 43 ಲಕ್ಷವಿದ್ದ ಆ ಹಕ್ಕಿಗಳು 2009ಕ್ಕೆ 28 ಲಕ್ಷಕ್ಕಿಳಿದವು. ದಯೆಯಿಂದ ಇಟ್ಟ ತಟ್ಟೆಗಳೂ ಆ ರೋಗಕ್ಕೆ ದಾರಿಯಾದವು. ತಟ್ಟೆಯನ್ನು ವಾರಕ್ಕೊಮ್ಮೆಯಾದರೂ ಬಿಸಿನೀರಿನಿಂದ ತೊಳೆದು, ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ, ಇಡುವ ಜಾಗವನ್ನು ಬದಲಿಸುತ್ತಿರಬೇಕು.

ಮುಂಬಯಿಯಲ್ಲಿ 2025ರ ಜುಲೈ-ಆಗಸ್ಟ್ ತಿಂಗಳುಗಳಲ್ಲಿ ಪಾರಿವಾಳಗಳಿಗೆ ಕಾಳು ಹಾಕುವ ಕಬೂತರಖಾನೆಗಳನ್ನು ನಗರಪಾಲಿಕೆಯು ಮುಚ್ಚತೊಡಗಿದಾಗ ದಾದರಿನಲ್ಲಿ ಜೈನಬಂಧುಗಳೂ ಪ್ರತಿಭಟಿಸಿದರು. ಉಚ್ಚ ನ್ಯಾಯಾಲಯವು ಜನರ ಆರೋಗ್ಯಕ್ಕೆ ಪ್ರಾಧಾನ್ಯವಿತ್ತಿತು. ಅವರ ನೋವು ನಿಜವಾದುದು. ಆದರೆ ಒಣಗಿದ ಹಿಕ್ಕೆಯ ಧೂಳು ಶ್ವಾಸಕೋಶಕ್ಕೆ ಹೋಗಿ ಕೆಲವರಿಗೆ ಮಾಯದ ಬೇನೆಯನ್ನು ತರುತ್ತದೆಂಬುದೂ ನಿಜ. ಆ ಧೂಳನ್ನು ಉಸಿರಾಡುವ ನೆರೆಮನೆಯ ಮುದುಕಿಯೂ ಜೀವವೇ. ನಾಲ್ಕು ಮನೆಗಳವರು ಸ್ವಲ್ಪ ಸ್ವಲ್ಪವಾಗಿ ಬೇರೆ ಬೇರೆ ಕಡೆ ಹಾಕುವುದು, ಒಂದೇ ಚೌಕದಲ್ಲಿ ಮೂಟೆಗಟ್ಟಲೆ ಸುರಿಯುವುದಕ್ಕಿಂತ ಲೇಸು. ಗಾಯಗೊಂಡ ಹಕ್ಕಿಗಳ ಶುಶ್ರೂಷೆಗೆ ದೆಹಲಿಯ ಕೆಂಪುಕೋಟೆಯ ಎದುರಿನ ದಿಗಂಬರ ಜೈನ ಲಾಲ್ ಮಂದಿರದ ಪಕ್ಷಿ ಆಸ್ಪತ್ರೆಯಿದೆ. ದಾನದ ಹಣಕ್ಕೆ ಅಂತಹ ದಾರಿಗಳೂ ಉಂಟು.

ಅಷ್ಟಮಿ, ಚತುರ್ದಶಿಗಳಂದು ಪ್ರೋಷಧೋಪವಾಸ ಮಾಡುವವರು ಆರಂಭವನ್ನು ಬಿಟ್ಟಿರುವುದರಿಂದ ಕಾಳು ಹಾಕಬಹುದೇ ಎಂಬ ಸಂಶಯ ಕೆಲವರಲ್ಲಿದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಉಪವಾಸದಂದು ಪಂಚಪಾಪ, ಅಲಂಕಾರ, ಆರಂಭ, ಗಂಧ, ಪುಷ್ಪ, ಸ್ನಾನ, ಅಂಜನ, ನಸ್ಯಗಳನ್ನು ಬಿಡಲು ಹೇಳಿದ್ದಾರೆ. ದಯೆಯನ್ನು ಬಿಡಲು ಹೇಳಿಲ್ಲ. ಆದರೆ ಕಾಳು ಶೋಧಿಸುವುದು, ತಟ್ಟೆ ತೊಳೆಯುವುದು ಆರಂಭವೇ ಆದುದರಿಂದ ಅವನ್ನು ಸಪ್ತಮಿ, ತ್ರಯೋದಶಿಗಳ ಸಂಜೆಯೊಳಗೆ ಮುಗಿಸಿಟ್ಟುಕೊಳ್ಳಬೇಕು. ಅಂದು ಬೆಳಗ್ಗೆ ಒಂದು ಹಿಡಿ ಕಾಳನ್ನು ತೆಗೆದು ಅಂಗಳದಲ್ಲಿಡುವ ಕೆಲಸವನ್ನು ಉಪವಾಸವಿಲ್ಲದ ಮನೆಯ ಮಕ್ಕಳಿಗೆ ಒಪ್ಪಿಸಬಹುದು. ಉಪವಾಸದಲ್ಲಿರುವ ಅಜ್ಜಿ ಜಪದ ಮಣೆಯ ಮೇಲಿಂದಲೇ ನೋಡುತ್ತ ಕುಳಿತಿರಲಿ.