ಪ್ರಾಡಕ್ಟ್ ಮ್ಯಾನೇಜರ್: ಹುದ್ದೆಯ ಸ್ವರೂಪ ಮತ್ತು ಹೊಣೆ

ತಂತ್ರಾಂಶ ಸಂಸ್ಥೆಯೊಂದರಲ್ಲಿ ದುಡಿಯುವ ತರುಣನು ತಾನು ಎಂಜಿನಿಯರ್ ಎಂದರೆ ಊರಿನ ಹಿರಿಯರಿಗೆ ಅರ್ಥವಾಗುತ್ತದೆ. ಪ್ರಾಡಕ್ಟ್ ಮ್ಯಾನೇಜರ್ ಎಂದರೆ ಅಷ್ಟು ಸುಲಭವಾಗಿ ಅರ್ಥವಾಗದು. ಈ ಹುದ್ದೆಯವರು ಸಾಮಾನ್ಯವಾಗಿ ಗಣಕಯಂತ್ರಕ್ಕೆ ಆದೇಶಗಳನ್ನು ಬರೆಯುವುದಿಲ್ಲ. ಸರಕನ್ನು ಅಂಗಡಿಯಲ್ಲಿ ಮಾರುವುದೂ ಇಲ್ಲ. ಹಾಗಾದರೆ ಇವರ ಕಾಯಕವೇನು? ವಿದ್ಯಾರ್ಥಿಗಳಿಗೆ ವೃತ್ತಿಮಾರ್ಗವನ್ನು ತೋರಬೇಕಾದ ಅಧ್ಯಾಪಕರಿಗೆ ಇದರ ಸ್ಥೂಲ ಪರಿಚಯವಾದರೂ ಇರುವುದು ಅವಶ್ಯಕ.

ಈ ಹುದ್ದೆಯ ಮೂಲವಿರುವುದು ಗಣಕಯಂತ್ರದಲ್ಲಿ ಅಲ್ಲ, ಸಾಬೂನಿನಲ್ಲಿ. ಅಮೆರಿಕದ ಸಿನ್ಸಿನಾಟಿ ನಗರದ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಸಂಸ್ಥೆಯು ಐವರಿ ಮತ್ತು ಕ್ಯಾಮೇ ಎಂಬ ಎರಡು ಸಾಬೂನುಗಳನ್ನು ತಯಾರಿಸುತ್ತಿತ್ತು. ಹಿರಿಯದಾದ ಐವರಿಯ ನೆರಳಿನಲ್ಲಿ ಕ್ಯಾಮೇ ಬೆಳೆಯಲಾರದೆ ಇತ್ತು. ಅದರ ಪ್ರಚಾರಕಾರ್ಯದಲ್ಲಿದ್ದ ನೀಲ್ ಮ್ಯಾಕೆಲ್ರಾಯ್ ಎಂಬ ತರುಣನು 1931ರ ಮೇ 13ರಂದು ಮೇಲಧಿಕಾರಿಗಳಿಗೆ ಒಂದು ಟಿಪ್ಪಣಿಯನ್ನು ಬರೆದನು. ಒಂದೊಂದು ಸರಕಿಗೂ ಪ್ರತ್ಯೇಕವಾಗಿ ಹೊಣೆಗಾರರಿರಬೇಕು. ಆ ಸರಕು ಎಲ್ಲಿ ಮಾರಾಟವಾಗುತ್ತಿದೆ, ಎಲ್ಲಿ ಸೋಲುತ್ತಿದೆ, ಏತಕ್ಕೆ ಸೋಲುತ್ತಿದೆ ಎಂಬುದನ್ನು ಅವರು ತಾವೇ ಹೋಗಿ ಪರಿಶೀಲಿಸಿ ಪರಿಹಾರವನ್ನು ಸೂಚಿಸಬೇಕು ಎಂಬುದೇ ಅದರ ಸಾರ. ಮುಂದೆ ಈತನು ಅದೇ ಸಂಸ್ಥೆಯ ಅಧ್ಯಕ್ಷನಾಗಿ, 1957ರಿಂದ 1959ರವರೆಗೆ ಅಮೆರಿಕದ ರಕ್ಷಣಾ ಕಾರ್ಯದರ್ಶಿಯೂ ಆಗಿದ್ದನು.

ಸಾಬೂನಿನ ಈ ಪಾಠವು ತಂತ್ರಾಂಶಕ್ಕೆ ಹರಿದುಬಂದುದಕ್ಕೆ ಇನ್‌ಟ್ಯೂಟ್ ಸಂಸ್ಥೆಯು ಒಳ್ಳೆಯ ನಿದರ್ಶನ. ಹಿಂದೆ ಪ್ರಾಕ್ಟರ್ ಅಂಡ್ ಗ್ಯಾಂಬಲ್‌ನಲ್ಲಿ ದುಡಿದಿದ್ದ ಸ್ಕಾಟ್ ಕುಕ್ ಅವರು ಟಾಮ್ ಪ್ರೂ ಅವರೊಡನೆ 1983ರಲ್ಲಿ ಇದನ್ನು ಸ್ಥಾಪಿಸಿದರು. ಕ್ವಿಕನ್ ಎಂಬ ಇವರ ತಂತ್ರಾಂಶವು ಮನೆವಾರ್ತೆಯ ಲೆಕ್ಕಕ್ಕಾಗಿ ಮಾಡಿದುದು. ಅದನ್ನು ಕೊಂಡವರ ಅನುಮತಿ ಪಡೆದು ಸಂಸ್ಥೆಯವರು ಅವರ ಮನೆಗೇ ಹೋಗಿ, ಅವರು ಅದನ್ನು ಬಳಸುವ ಬಗೆಯನ್ನು ಮೌನವಾಗಿ ನೋಡುವ ಪದ್ಧತಿಯನ್ನಿಟ್ಟುಕೊಂಡರು. ಗಿರಾಕಿಗಳಲ್ಲಿ ಅನೇಕರು ಮನೆಯ ಲೆಕ್ಕಕ್ಕಲ್ಲದೆ ತಮ್ಮ ಸಣ್ಣ ವ್ಯಾಪಾರದ ಲೆಕ್ಕಕ್ಕೂ ಅದನ್ನೇ ಬಳಸುತ್ತಿದ್ದರೆಂಬುದು ಕ್ರಮೇಣ ತಿಳಿದುಬಂದಿತು. ಜಮಾ-ಖರ್ಚಿನ ಶಾಸ್ತ್ರವನ್ನು ಕಲಿಯದ ವ್ಯಾಪಾರಿಗೂ ಲೆಕ್ಕವಿಡಲು ಒಂದು ಸಾಧನ ಬೇಕಾಗಿತ್ತು. ಈ ಅರಿವಿನಿಂದ 1992ರಲ್ಲಿ ಕ್ವಿಕ್‌ಬುಕ್ಸ್ ಹುಟ್ಟಿತು. ಗಿರಾಕಿಯು ಬಾಯಿಬಿಟ್ಟು ಕೇಳದಿದ್ದುದನ್ನು ಅವನ ನಡೆಯಿಂದ ಅರಿತುಕೊಳ್ಳುವುದೇ ಈ ಹುದ್ದೆಯ ಮೊದಲ ಕರ್ತವ್ಯವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಎರಡನೆಯ ಕರ್ತವ್ಯ ಆಯ್ಕೆ. ಉದಾಹರಣೆಗೆ, ಹಣ ಪಾವತಿಯ ತಂತ್ರಾಂಶವೊಂದಕ್ಕೆ ಹತ್ತು ಹೊಸ ಸೌಕರ್ಯಗಳು ಬೇಕೆಂದು ನಾನಾ ವಿಭಾಗಗಳವರು ಕೇಳುತ್ತಾರೆನ್ನೋಣ. ಮೂರು ತಿಂಗಳಲ್ಲಿ ಎಂಜಿನಿಯರುಗಳಿಂದ ಮೂರು ಮಾತ್ರ ಸಾಧ್ಯ. ಯಾವ ಮೂರು, ಏತಕ್ಕೆ, ಯಾವ ಕ್ರಮದಲ್ಲಿ ಎಂಬುದನ್ನು ನಿರ್ಧರಿಸಿ, ಉಳಿದ ಏಳನ್ನು ಕೇಳಿದವರಿಗೆ ಕಾರಣಸಹಿತವಾಗಿ 'ಈಗ ಇಲ್ಲ' ಎಂದು ತಿಳಿಸಬೇಕು. ಮೂರನೆಯದು, ತಯಾರಾದುದರಿಂದ ಬಳಸುವವರಿಗೆ ನಿಜವಾಗಿಯೂ ಪ್ರಯೋಜನವಾಯಿತೇ ಎಂದು ಅಳೆದು ನೋಡುವುದು. ಕೆಲಸವನ್ನು ಗೊತ್ತಾದ ಅವಧಿಯಲ್ಲಿ ಮುಗಿಸುವುದು ಪ್ರಾಜೆಕ್ಟ್ ಮ್ಯಾನೇಜರ್‌ರ ಹೊಣೆ. ಆ ಕೆಲಸ ಮಾಡತಕ್ಕದ್ದೇ ಎಂಬ ಪ್ರಶ್ನೆಗೆ ಉತ್ತರಿಸುವುದು ಪ್ರಾಡಕ್ಟ್ ಮ್ಯಾನೇಜರ್‌ರ ಹೊಣೆ.

ಹೊಣೆ ಇಷ್ಟಿದ್ದರೂ ಅಧಿಕಾರ ಅಲ್ಪ. ಎಂಜಿನಿಯರುಗಳಾಗಲಿ ವಿನ್ಯಾಸಕಾರರಾಗಲಿ ಸಾಮಾನ್ಯವಾಗಿ ಇವರ ಕೈಕೆಳಗಿನವರಲ್ಲ. ಆದುದರಿಂದ ಆಜ್ಞೆಯಿಂದ ಅಲ್ಲ, ವಿವರಣೆಯಿಂದ ಮತ್ತು ವಿಶ್ವಾಸದಿಂದಲೇ ಎಲ್ಲರನ್ನೂ ಒಮ್ಮತಕ್ಕೆ ತರಬೇಕಾಗುತ್ತದೆ.

ಇಲ್ಲಿ ನೀತಿಯ ಪ್ರಶ್ನೆಯೂ ಉದ್ಭವಿಸುತ್ತದೆ. ಚಂದಾದಾರನಾಗುವುದು ಒಂದೇ ಒತ್ತಿನಲ್ಲಿ, ಬಿಡಿಸಿಕೊಳ್ಳುವುದು ಹತ್ತು ಪುಟಗಳಾಚೆ. ಕೇಳದ ವಸ್ತು ಬುಟ್ಟಿಯಲ್ಲಿ ಸೇರಿರುವುದು. ಇಲ್ಲದ ಅವಸರವನ್ನು ಸೃಷ್ಟಿಸುವುದು — ಇವು ಆಕಸ್ಮಿಕಗಳಲ್ಲ. ಯಾರೋ ಕುಳಿತು ತೀರ್ಮಾನಿಸಿದ ಫಲಗಳು. ಭಾರತದ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಗಳಲ್ಲಿ ಇಂತಹ 13 ಬಗೆಯ ವಂಚಕ ವಿನ್ಯಾಸಗಳನ್ನು ಹೆಸರಿಸಿ ನಿಷೇಧಿಸಿದೆ. ಆದರೆ ಕಾನೂನು ಬರುವುದು ತಪ್ಪು ನಡೆದ ಬಳಿಕ. ಲಾಭದ ಅಂಕಿ ಏರುವುದೆಂದು ಎಲ್ಲರೂ ತಲೆದೂಗುತ್ತಿರುವಾಗ, 'ಇದು ಬಳಸುವವನಿಗೆ ಮೋಸ' ಎಂದು ಮೊದಲು ಹೇಳಬೇಕಾದವರು ಆ ಗಿರಾಕಿಯನ್ನು ಹತ್ತಿರದಿಂದ ಬಲ್ಲ ಪ್ರಾಡಕ್ಟ್ ಮ್ಯಾನೇಜರ್. ಕಾಯಕದಲ್ಲಿ ಶುದ್ಧಿ ಇರಬೇಕೆಂದು ಶರಣರು ಸಾರಿದ ತತ್ತ್ವಕ್ಕೆ ಇಂದಿನ ಕಛೇರಿಯಲ್ಲಿ ಎದುರಾಗುವ ಪರೀಕ್ಷೆ ಇದು.

ಈ ಹುದ್ದೆಗೆ ಇಂಥದೇ ಪದವಿ ಬೇಕೆಂಬ ಕಟ್ಟುಪಾಡಿಲ್ಲ. ಎಂಜಿನಿಯರಿಂಗ್ ಓದಿದವರಂತೆ ವಾಣಿಜ್ಯ, ವಿನ್ಯಾಸಗಳನ್ನು ಅಭ್ಯಸಿಸಿದವರೂ ಇದಕ್ಕೆ ಬರುವುದುಂಟು. ಬೇಕಾದುದು ಇತರರ ಕಷ್ಟವನ್ನು ತಾಳ್ಮೆಯಿಂದ ಆಲಿಸುವುದು, ಅಂಕಿಗಳನ್ನು ಎಚ್ಚರದಿಂದ ಓದುವುದು, ವಿಷಯವನ್ನು ಒಂದು ಪುಟದಲ್ಲಿ ತಿಳಿಯಾಗಿ ಬರೆಯುವುದು, ನಿರಾಕರಣೆಯನ್ನೂ ವಿನಯದಿಂದ ನುಡಿಯುವುದು. ಇವು ಯಾವ ಗಣಕಯಂತ್ರವೂ ಇಲ್ಲದ ತರಗತಿಯಲ್ಲಿ, ಕನ್ನಡದ ಪ್ರಬಂಧದಲ್ಲಿ, ಗಣಿತದ ಮೌಖಿಕ ಪ್ರಶ್ನೆಯಲ್ಲಿ, ಪ್ರಸಾದನಿಲಯದ ಸರದಿಯ ಕೆಲಸದಲ್ಲಿ ರೂಢಿಯಾಗತಕ್ಕ ಗುಣಗಳು. ಇವುಗಳನ್ನು ಬೆಳೆಸುವ ಅಧ್ಯಾಪಕರ ಶ್ರಮವೂ, ಅದಕ್ಕೆ ನೆರವಾಗುವ ದಾನಿಗಳ ದಾಸೋಹವೂ ವ್ಯರ್ಥವಾಗಲಾರವು.